ಮಾಳಿಗೆಯ ಮೇಲೆ ಎದುರುಪಕ್ಷ

ಲಕ್ಷ್ಮೀ ನಗರ, ನಾಗಪುರ
೪ ಅಕ್ಟೋಬರ್ ೧೯೯೮

ಚಿ. ಪ್ರಭಾಳಿಗೆ ಆಶೀರ್ವಾದಗಳು.

ಕೋರಾಡಿಗೆ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಕಾಗದ ಮಾತ್ರ ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಶಾಲೆಗೆ ಫೋನು ಮಾಡಿದರೆ ಕಚೇರಿಯವರೆಲ್ಲ ಕಿವಿ ಕೊಡುತ್ತಾರೆ. ಅಲ್ಲದೆ ಬಾಯಲ್ಲಿ ಆಡಿದ್ದನ್ನು ನಾಳೆ ಆಡಲೇ ಇಲ್ಲ ಎನ್ನಬಹುದು; ಬರೆದದ್ದನ್ನು ಹಾಗೆನ್ನಲು ಬರುವುದಿಲ್ಲ.

ನಮ್ಮೆದುರಿನ ಹಳೆಯ ಬಂಗಲೆ ಮಾರಾಟವಾಗಿದೆ. ದಸರೆಯ ದಿನವೇ ಅಲ್ಲಿ ಫಲಕ ನಿಲ್ಲಿಸಿದರು. ಏಳು ಅಂತಸ್ತು ಏಳುತ್ತದೆಯಂತೆ. ಕೆಳಗೆ ಅಂಗಡಿಗಳು, ಮೇಲೆ ಒಂದೂವರೆ ಕೋಣೆಯ ಸಣ್ಣ ಸಣ್ಣ ಮನೆಗಳು, ಒಂದರ ಬೆನ್ನಿಗೆ ಒಂದು. ಈಗಲೇ ಸಂಜೆ ಆ ರಸ್ತೆ ದಾಟಬೇಕಾದರೆ ಲಾರಿಗಳ ದಯೆಗಾಗಿ ಕಾಯಬೇಕು. ಅಷ್ಟು ಮನೆಗಳ ಸ್ಕೂಟರುಗಳೆಲ್ಲ ಹೊರಬೀಳುವ ಹೆಬ್ಬಾಗಿಲನ್ನು ಎಲ್ಲಿಗೆ ಇಟ್ಟಿದ್ದಾರೆ ಗೊತ್ತೆ? ಸಂಕೇತನ ಸ್ಕೂಟರಿಗೆ ಲಾರಿ ಬಡಿದ ಆ ತಿರುವಿಗೆ. ನಕ್ಷೆ ಬರೆದವನು ಆ ತಿರುವಿನಲ್ಲಿ ಒಂದು ಸಂಜೆಯಾದರೂ ನಿಂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ನಾನು ಎರಡು ವರ್ಷದಿಂದ ನಿಂತಿದ್ದೇನೆ.

ಗಣಪತಿ ಮಂಡಳದ ಸಭಾಗೃಹದಲ್ಲಿ ರಸ್ತೆಯವರೆಲ್ಲ ಸೇರಿ ಸಮಿತಿ ಮಾಡಿಕೊಂಡೆವು. ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಆರಿಸಿದವರಲ್ಲಿ ನಂಬಬಹುದಾದವರು ಯಾರು ಎಂದು ಕೇಳಿದರೆ ತಕ್ಷಣ ಹೆಸರು ಹೇಳಲಾರೆ. ಕಾರ್ಯದರ್ಶಿ ದತ್ತೋಪಂತ ವಝಲವಾರ, ಬ್ಯಾಂಕಿನಿಂದ ನಿವೃತ್ತ. ಅವನ ಭಾವಮೈದುನನದು ಸಿಮೆಂಟಿನ ಏಜೆನ್ಸಿ. ಪಕ್ಕದ ವತ್ಸಲಾತಾಯಿ ಕಟ್ಟಡ ಬೇಡವೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ಮರುದಿನವೇ ಮೂಲೆಯ ಜಾಗಕ್ಕೆ ಈಗ ಏನು ಬೆಲೆ ನಡೆದಿದೆ ಎಂದು ಕೇಳಿಕೊಂಡು ಬಂದಳು. ಹಿಂದಿನ ಗೋಡೆಯಾಚೆಯ ಉತ್ತಪ್ಪ ನಿನಗೆ ಗೊತ್ತು, ವಾಯುಸೇನೆಯಿಂದ ನಿವೃತ್ತನಾದ ಕೊಡಗಿನವನು. ಈ ರಸ್ತೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬನೆಂದರೆ ಆತನೇ ಆಗಬೇಕಿತ್ತು. ಆದರೆ ಅದನ್ನು ಯಾವುದೋ ವಿಮಾನ ನಿಲ್ದಾಣದಲ್ಲಿ ಮರೆತು ಬಂದಂತಿದೆ, ನನ್ನೊಡನೆ ಎಂದೂ ಹಿಂದಿಯೇ. ಸದ್ಯಕ್ಕೆ ಆತನೊಬ್ಬ ನೇರವಾಗಿ ಕಾಣುತ್ತಾನೆ.

ಫೆಬ್ರವರಿಯ ಹೊತ್ತಿಗೆ ಈ ಕಟ್ಟಡದ ಬಗ್ಗೆ ನಗರಪಾಲಿಕೆಯ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಅಲ್ಲಿ ಮಾತಾಡುವವನು ನಾನು. ಧಾರವಾಡದ ಕಾಲೇಜಿನ ದಿನಗಳಂತೆ ಪ್ರತಿದಿನ ಬೆಳಗ್ಗೆ ಮಾಳಿಗೆಯ ಮೇಲೆ ಅಭ್ಯಾಸ ಆರಂಭಿಸಿದ್ದೇನೆ. ಅಧಿಕಾರಿಯೆದುರು ಇಂಗ್ಲಿಷಿನಲ್ಲಿ ಮಾತಾಡಬೇಕಾದರೂ ವಾದ ಮೊದಲು ಕನ್ನಡದಲ್ಲಿ ನಿಲ್ಲಬೇಕು. ಈ ರಸ್ತೆಯಲ್ಲಿ ಕನ್ನಡ ಆಡುವುದೆಂದರೆ ಕದ ಹಾಕಿಕೊಂಡು ಆಡಿದ ಹಾಗೆ; ಯಾರ ಭಯವೂ ಇಲ್ಲ.

ನಿನ್ನಿಂದ ಒಂದೇ ಕೆಲಸ ಆಗಬೇಕು. ವಿಚಾರಣೆಯ ದಿನ ಬಂದು ಆ ತಿರುವಿನ ಬಗ್ಗೆ ನೀನು ಹೇಳಬೇಕು. ಸಂಕೇತನ ತಂದೆ ಹೇಳಿದರೆ ಮುದುಕನ ಸಂಕಟ ಎನ್ನುತ್ತಾರೆ. ಸಂಕೇತನ ಹೆಂಡತಿ ಹೇಳಿದರೆ ಅದು ಸಾಕ್ಷಿ.

ನಿನ್ನ ಕೋಣೆಯನ್ನು ವಾರಕ್ಕೊಮ್ಮೆ ಗುಡಿಸುತ್ತಾರೆ.

ಆಶೀರ್ವಾದಗಳೊಡನೆ,
ವಿಜಯೇಂದ್ರ ಗಲಗಲಿ

---

ಕೋರಾಡಿ
೨೬ ಅಕ್ಟೋಬರ್ ೧೯೯೮

ಪೂಜ್ಯ ಮಾವನವರಿಗೆ ಪ್ರಭಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನಿಮ್ಮಂಗ ಗ್ರಾಂಥಿಕ ಬರೀಲಿಕ್ಕೆ ನನಗ ಬರೂದಿಲ್ಲ, ಮನ್ಯಾಗ ಮಾತಾಡಿದಂಗ ಬರೀತೀನಿ. ತಪ್ಪು ತಿಳೀಬ್ಯಾಡ್ರಿ.

ದೀಪಾವಳಿ ಇಲ್ಲೇ ಆತು. ನನ್ನ ಜೋಡಿ ಇರೋ ಗೌತಮಿ, ನಮ್ಮ ಶಾಲಿಯಾಗಿನ ಟೀಚರ, ಚಕಲಿ ಮಾಡಿದ್ಲು. ಈ ಕ್ವಾರ್ಟರ್ಸು ಅಕಿ ಗಂಡನ ಹೆಸರಿನ್ಯಾಗ ಅದ. ಅವರು ಚಂದ್ರಪುರದಿಂದ ವರ್ಗಾ ಆಗಿ ಏಪ್ರಿಲ್‌ದಾಗ ವಾಪಸ ಬರ್ತಾರ. ಗಂಡ ಹೆಂಡತಿ ನಡುವ ನಾನು ಎಷ್ಟಂತ ಇರ್ಲಿ? ಅಷ್ಟರಾಗ ನನಗೂ ನಾಗಪುರದಾಗಿನ ಒಂದು ಶಾಲಿಯಾಗ ಕೆಲಸ ಸಿಕ್ಕದ, ಜೂನ್‌ಲಿಂದ. ಹಿಂಗಾಗಿ ರವಿವಾರ ರವಿವಾರ ಖೋಲಿ ನೋಡ್ಲಿಕ್ಕೆ ಹೊಂಟೀನಿ.

ಹ್ವಾದ ವಾರ ಧರಂಪೇಠದಾಗ ಒಬ್ಬಾಕಿ ಅಜ್ಜಿ, ಭಾಳ ಛಲೋ ಮನಷ್ಯಾಳು. "ಮನ್ಯಾಗ ಯಾರ್ಯಾರು ಇರ್ತೀರಿ?" ಅಂತ ಕೇಳಿದ್ಲು. "ನಾ ಒಬ್ಬಾಕಿನ" ಅಂದೆ. "ಯಜಮಾನ್ರು?" ಅಂದ್ಲು. "ತೀರಿಕೊಂಡಾರ" ಅಂದೆ. "ಅಯ್ಯೋ ನನ್ನ ಮಗಳ" ಅಂತ ಚಹಾ ಕೊಟ್ಲು, ಬಿಸ್ಕೀಟ ಕೊಟ್ಲು, ಹಣಿಮ್ಯಾಲ ಕೈ ಆಡಿಸಿದ್ಲು. ಖೋಲಿ ಮಾತ್ರ ಕೊಡ್ಲಿಲ್ಲ. ಇನ್ನೊಂದು ಕಡೆ ಮನಿ ಮಾಲಕಿ ಅಂದ್ರು, "ಗಂಡಸರು ಯಾರೂ ಬರಬಾರದು." "ನಳ ರಿಪೇರಿ ಮಾಡಾಂವ ಬಂದ್ರ?" ಅಂತ ಕೇಳಿದೆ. "ನಮ್ಮ ಮನಿಯವರು ಬಂದು ನಿಂದರತಾರ" ಅಂದ್ರು. ಗೌತಮಿಗೆ ಹೇಳಿದ್ರ ಅಕಿ ನಕ್ಕಿದ್ದ ನಕ್ಕಿದ್ದು. ನಾನೂ ನಕ್ಕೆ.

ನಮ್ಮ ಎದುರಿನ ಬಂಗಲೇದ ಹಿಂದ ಒಂದು ಓಣಿ ಅದಲ್ಲ, ಅಲ್ಲೆ ಬೀದಿದೀಪ ಹಾಕ್ಯಾರೇನು? ಮುಂಜಾನಿ ಬಿಸಲು ಆ ಕಡೆ ಬೀಳ್ತದೋ ಹ್ಯಾಂಗ? ಸುಮ್ನ ಕೇಳಿದೆ.

ಥಂಡಿ ಸುರು ಆಗ್ತದ. ಮಾಳಿಗಿ ಮ್ಯಾಲೆ ಹೋಗೋವಾಗ ಮಫ್ಲರ್ ಸುತ್ತಿಕೊಳ್ರಿ.

ನಿಮ್ಮ
ಪ್ರಭಾ

---

ಲಕ್ಷ್ಮೀ ನಗರ
೨೦ ಡಿಸೆಂಬರ್ ೧೯೯೮

ಚಿ. ಪ್ರಭಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಓದಿದೆ. ಚಕ್ಕುಲಿಯ ಸಂಗತಿ ಇದೆ, ಚಹಾದ ಸಂಗತಿ ಇದೆ. ನಾನು ಕೇಳಿದ ಒಂದೇ ಪ್ರಶ್ನೆಗೆ, ಅಂದರೆ ವಿಚಾರಣೆಗೆ ಬರುವೆಯೋ ಇಲ್ಲವೋ ಎಂಬುದಕ್ಕೆ, ಉತ್ತರವಿಲ್ಲ. ಅದರ ಬದಲು ನೀನೇ ನನಗೆ ಒಂದು ಪ್ರಶ್ನೆ ಕೇಳಿರುವೆ. ಓಣಿಯ ದೀಪ, ಬೆಳಗಿನ ಬಿಸಿಲು. ಸುಮ್ಮನೆ ಕೇಳುವ ಪ್ರಶ್ನೆ ಎಂಬುದೊಂದು ಲೋಕದಲ್ಲಿ ಇದೆಯೆಂದು ನಾನು ಎಂದೂ ನಂಬಿದವನಲ್ಲ. ಬಂಗಲೆಯ ಹಿಂದಿನ ಓಣಿಯ ಬಗ್ಗೆ ಕೋರಾಡಿಯಲ್ಲಿ ಕುಳಿತವಳಿಗೆ ಏಕೆ ಆಸಕ್ತಿ? ನಿನ್ನ ಬಾಯಿಂದ ಯಾರಾದರೂ ಇದನ್ನು ಕೇಳಿಸುತ್ತಿದ್ದಾರೆಯೆ? ಇದ್ದರೆ ಹೆಸರು ಬರೆ.

ಇಲ್ಲಿ ವಾತಾವರಣ ಕೆಟ್ಟಿದೆ. ನೇರ ಎಂದು ನಾನು ಎಣಿಸಿದ್ದ ಉತ್ತಪ್ಪ ನವೆಂಬರಿನಿಂದ ಸಭೆಗೆ ಬರುತ್ತಿಲ್ಲ. ಮೊದಲಾದರೆ ಬೆಳಗ್ಗೆ ಗುಲಾಬಿ ಗಿಡಗಳಿಗೆ ನೀರು ಹಾಕುತ್ತ ಗೋಡೆಯಾಚೆಯಿಂದ ಕೈಯೆತ್ತುತ್ತಿದ್ದ. ಈಗ ನಾನು ಮಾಳಿಗೆಯಿಂದ ಇಳಿಯುವಾಗ ಪೈಪು ಹಿಡಿದು ನಿಂತು ನನ್ನನ್ನೇ ನೋಡುತ್ತಾನೆ, ನಾನು ನೋಡಿದರೆ ತಲೆ ತಗ್ಗಿಸುತ್ತಾನೆ. ಲೆಕ್ಕ ತಪ್ಪಿದ ಗುಮಾಸ್ತರು ಹೀಗೆ ನೋಡುವುದನ್ನು ನನ್ನ ಕಚೇರಿಯಲ್ಲಿ ಕಂಡಿದ್ದೇನೆ. ಕಳೆದ ಶನಿವಾರ ಅವನು ಬಂಗಲೆಯ ಆವರಣದಲ್ಲಿರುವ ಬಿಲ್ಡರನ ಕಚೇರಿಯಿಂದ ಹೊರಬರುವುದನ್ನು ನಾನೇ ಕಂಡೆ. ಅದರ ಹಿಂದಿನ ವಾರವೂ ಕಂಡೆನೆಂದು ವತ್ಸಲಾತಾಯಿ ಹೇಳುತ್ತಾಳೆ. ಅವಳ ಮಾತನ್ನು ನಾನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಕೇಳುತ್ತೇನೆ, ಆದರೆ ಇದನ್ನು ಪೂರ್ತಿ ಕೇಳಿದೆ.

ಇನ್ನೊಂದು ಸಂಗತಿ. ಅವಲಕ್ಕಿ ಪೋಹೆ ಮಾರುವ ಗಾಡಿಯ ಬಳಿ ಬಿಲ್ಡರನ ಮ್ಯಾನೇಜರ್ ದತ್ತೋಪಂತನಿಗೆ ಹೀಗೆಂದನಂತೆ: "ಅಧ್ಯಕ್ಷರು ಭಾಷಣ ಮಾಡಲಿ ಬಿಡಿ. ಅವರ ಮನೆಯವರೇ ನಮ್ಮ ಕಡೆ ಇದ್ದಾರೆ." ದತ್ತೋಪಂತ ಅದನ್ನು ನನಗೆ ಹೇಳಿದ ರೀತಿಯೂ ನನಗೆ ಹಿಡಿಸಲಿಲ್ಲ, ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತ. "ನನ್ನ ಮನೆಯವರು ಎಂದರೆ ಗೋಡೆಯ ಮೇಲಿನ ಎರಡು ಫೋಟೋಗಳು" ಎಂದು ಉತ್ತರ ಕೊಟ್ಟೆ. ನಿನ್ನ ಅತ್ತೆ ಅಂಬುಜೆಯದೂ ಸಂಕೇತನದೂ ಹೊರತು ಈ ಮನೆಯಲ್ಲಿ ನನ್ನೊಡನೆ ಯಾರಿದ್ದಾರೆ? ಇದು ನಮ್ಮನ್ನು ಒಡೆಯಲು ಹರಿಬಿಟ್ಟ ಸುಳ್ಳು. ಹರಿಬಿಟ್ಟವನು ಉತ್ತಪ್ಪ ಎಂಬುದರಲ್ಲಿ ನನಗೆ ಸಂದೇಹ ಉಳಿದಿಲ್ಲ.

ಖೋಲಿಯ ವಿಷಯ. ಊರ ತುಂಬ ಅಲೆದು ಅಪರಿಚಿತರ ಚಹಾ ಕುಡಿಯುವ ಕಾರಣ ನಿನಗಿಲ್ಲ. ಈ ಮನೆಯಲ್ಲಿ ಒಂದು ಕೋಣೆ ಇದೆ. ಇದನ್ನು ಮೊದಲೂ ಬರೆದಿದ್ದೇನೆ.

ನನ್ನ ಎರಡೂ ಪ್ರಶ್ನೆಗಳಿಗೆ ಮರುಟಪ್ಪಾಲಿನಲ್ಲಿ ಉತ್ತರ ಬರಲಿ.

ಇತಿ,
ವಿಜಯೇಂದ್ರ ಗಲಗಲಿ

---

ಲಕ್ಷ್ಮೀ ನಗರ
೧೬ ಜನವರಿ ೧೯೯೯

ಚಿ. ಪ್ರಭಾಳಿಗೆ,

ಉತ್ತರ ಬರಲಿಲ್ಲ. ಮೌನವನ್ನೂ ಒಂದು ಉತ್ತರವೆಂದು ಓದಬಹುದು. ಹಾಗೆ ಓದಲು ನನಗೆ ಇನ್ನೂ ಮನಸ್ಸಿಲ್ಲ.

ಸಂಕ್ರಾಂತಿಯ ಸಂಜೆ ಮಂಡಳದಲ್ಲಿ ಸಭೆ ಕರೆದೆ. ಉತ್ತಪ್ಪನ ಮನೆಗೆ ನಾನೇ ಚೀಟಿ ಕಳಿಸಿದ್ದರಿಂದ ಆತನೂ ಬಂದ. ಎಲ್ಲರ ಕೈಗೂ ಎಳ್ಳಿನ ಉಂಡೆ ಬಂದ ಮೇಲೆ ನಾನು ಎದ್ದು ನಿಂತು ಹೆಸರು ಹಿಡಿದು ಕೇಳಿದೆ. ನಡೆದ ಮಾತು ಹಿಂದಿಯದು, ಕನ್ನಡದಲ್ಲಿ ಬರೆಯುತ್ತೇನೆ.

"ಉತ್ತಪ್ಪನವರೇ, ನೀವು ಬಿಲ್ಡರನ ಕಚೇರಿಗೆ ಹೋಗಿದ್ದಿರೋ ಇಲ್ಲವೋ?"

"ಹೋಗಿದ್ದೆ."

"ಒಂದು ಸಲವೋ, ಹೆಚ್ಚೋ?"

"ಹೆಚ್ಚು."

"ಯಾವ ಕಾರಣಕ್ಕೆ?"

"ಅದನ್ನು ನಾನು ಹೇಳುವಂತಿಲ್ಲ, ಗಲಗಲಿ ಸಾಬ್."

"ಅಂದರೆ ಕಾರಣ ಇದೆ, ಹೇಳಲು ನಾಚಿಕೆಯಾಗುತ್ತಿದೆ."

ಇಷ್ಟಾದ ಮೇಲೆ ಆತ ಎದ್ದು ನಿಂತ. ಸಿಟ್ಟಾಗುತ್ತಾನೆಂದು ಎಣಿಸಿದ್ದೆ, ಸಿಟ್ಟಾಗಲಿಲ್ಲ. ಬೇರೆ ಯಾವುದೋ ಊರಿನಲ್ಲಿ ನೋಡಿದ ಮುಖವನ್ನು ಗುರುತು ಹಿಡಿಯುವವನಂತೆ ನನ್ನನ್ನು ನೋಡಿ, "ಇದನ್ನು ನೀವು ಕೇಳುತ್ತಿದ್ದೀರಾ? ನೀವು?" ಎಂದ. ಅಷ್ಟೇ. ಕೈಯಲ್ಲಿದ್ದ ಎಳ್ಳಿನ ಉಂಡೆಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ.

"ಸಿಹಿ ಮಾತಾಡಿ ಅಂತ ಉಂಡೆ ಹಂಚಿದ್ದು ನಾನು. ಬಾಯಿಗೆ ಹಾಕಿಕೊಳ್ಳೋವರೆಗಾದರೂ ತಡೀಬಾರದಿತ್ತೇ ಸಾಹೇಬರೇ?" ಎಂದಳು ವತ್ಸಲಾತಾಯಿ. ಕೆಲವರು ನಕ್ಕರು. ದತ್ತೋಪಂತ ತಲೆ ಬಗ್ಗಿಸಿ ಎಲ್ಲವನ್ನೂ ಬರೆದುಕೊಂಡ. ಯಾರಿಗಾಗಿ ಬರೆದುಕೊಂಡನೋ.

ಹೊರಟುಹೋದವನನ್ನು ಸಮಿತಿಯಿಂದ ತೆಗೆದದ್ದಾಯಿತು. ಗೆದ್ದೆ ಎಂದು ಬರೆಯಬೇಕು. ಆದರೆ ಕಾಲೇಜಿನಲ್ಲಿ ಗೆದ್ದಾಗ ಎದುರಿನವನ ಮುಖ ಹಾಗೆ ಕಾಣುತ್ತಿರಲಿಲ್ಲ.

ವಿಚಾರಣೆ ಫೆಬ್ರವರಿ ೨೫, ಗುರುವಾರ. ನೀನು ಬರತಕ್ಕದ್ದು.

ವಿಜಯೇಂದ್ರ ಗಲಗಲಿ

---

ಕೋರಾಡಿ
೨೮ ಜನವರಿ ೧೯೯೯

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಈ ಕಾಗದ ಓದಿ ಮುಗಿಸೋತನಕ ಸಿಟ್ಟು ಮಾಡಬ್ಯಾಡ್ರಿ. ಮುಗಿದ ಮ್ಯಾಲೆ ಮಾಡ್ರಿ.

ಉತ್ತಪ್ಪ ಅಂಕಲ್ ಬಿಲ್ಡರನ ಆಫೀಸಿಗೆ ಹೋಗಿದ್ದು ನನ್ನ ಸಲವಾಗಿ. ನಾನೂ ಒಳಗ ಇದ್ದೆ. ನೀವು ಅವರು ಹೊರಗ ಬರೋದನ್ನ ನೋಡಿದ್ರಿ, ಹತ್ತು ಹೆಜ್ಜಿ ಹಿಂದ ನಾನಿದ್ದೆ, ನಿಮ್ಮನ್ನ ನೋಡಿ ಒಳಗ ಸರಿದೆ. ಆ ಕಟ್ಟಡದಾಗ ಮೂರನೇ ಮಜಲಿನ್ಯಾಗ, ಹಿಂದಿನ ಓಣಿ ಕಡೆ, ಒಂದು ಸಣ್ಣ ಮನಿ ನನ್ನ ಹೆಸರಿಗೆ ಹಿಡಿದೀನಿ. ಒಬ್ಬಾಕಿ ಹೆಂಗಸು ಹ್ವಾದ್ರ ಅಲ್ಲೆ ಸರಿಯಾಗಿ ಮಾತಾಡಸೂದಿಲ್ಲ, "ಮನ್ಯಾಗಿನ ದೊಡ್ಡವರನ್ನ ಕರಕೊಂಡು ಬರ್ರಿ" ಅಂತಾರ. ಮನ್ಯಾಗಿನ ದೊಡ್ಡವರು ಕಟ್ಟಡ ಬ್ಯಾಡ ಅನ್ನೋ ಸಮಿತಿಗೆ ಅಧ್ಯಕ್ಷರು. ಅದಕ್ಕ ಅವರನ್ನ ಕರಕೊಂಡು ಹೋದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ತಗೊಂಡಿದ್ದೆ. ತುಂಬಿದ ಸಭಾದಾಗ ನೀವು ಅವರ ಮಾನ ತಗದ್ರೂ ಅವರು ಬಾಯಿ ಬಿಡಲಿಲ್ಲ. ಮ್ಯಾನೇಜರ ನಿಮ್ಮ ಮನಿಯವರು ಅಂದದ್ದು ನನಗ. ನನ್ನ ಅಡ್ಡಹೆಸರೂ ಗಲಗಲಿನ ಅಲ್ಲೇನ್ರಿ? ನಿಮ್ಮ ಗ್ವಾಡಿಮ್ಯಾಲೆ ನನ್ನ ಫೋಟೋ ಇಲ್ಲ, ಅಷ್ಟ.

ನಿಮಗ ಎದುರು ಹೋಗಬೇಕಂತ ಮಾಡಿದ್ದಲ್ಲ. ಅಕ್ಟೋಬರ್‌ದಾಗ ಬಿಸಲು ದೀಪ ಅಂತ ಕೇಳಿದಾಗ ಆಶಾ ಇತ್ತು, ಧೈರ್ಯ ಇರಲಿಲ್ಲ. ಧೈರ್ಯ ಕೊಟ್ಟವರು ನೀವ.

ನವೆಂಬರ್‌ದಾಗ ನಾಗಪುರದ ಬರ್ಡಿ ಬಸ್‌ಸ್ಟಾಪಿನ್ಯಾಗ ಉತ್ತಪ್ಪ ಅಂಕಲ್ ಭೆಟ್ಟಿ ಆದ್ರು. ಮುಖಾ ಸಣ್ಣದು ಮಾಡಿಕೊಂಡು ಕೇಳಿದ್ರು, "ಅಮ್ಮಾ, ನಿನ್ನ ಮಾವನವರಲ್ಲಿ ನಿಜವಾದವರು ಯಾರು? ಸಾಯಂಕಾಲ ಸಭೆಯಲ್ಲಿ ಕಟ್ಟಡ ಬೇಡ ಅಂತಾರೆ. ಬೆಳಿಗ್ಗೆ ಮಾಳಿಗೆ ಮೇಲೆ ನಿಂತು ಬೇಕೇ ಬೇಕು ಅಂತ ಭಾಷಣ ಮಾಡ್ತಾರೆ. ಬಿಲ್ಡರ್ ಏನಾದ್ರೂ ಕೈ ಹಾಕಿದಾನಾ ಅಂತ ನನಗೆ ಅನುಮಾನ." ಕನ್ನಡದಾಗ ಹೇಳಿದ್ರು, ಮಾವನವರ. ಛಲೋ ಕನ್ನಡ ಬರ್ತದ ಅವರಿಗೆ. ದಿನಾ ಗುಲಾಬಿಗೆ ನೀರು ಹಾಕ್ಕೋತ ನಿಮ್ಮ ಭಾಷಣ ಪೂರಾ ಕೇಳ್ಯಾರ. ನನಗ ಹೇಳಿ ತೋರಿಸಿದ್ರು. ನಾನೂ ಅಷ್ಟೂ ಬಾಯಿಪಾಠ ಮಾಡೀನಿ:

"ರಸ್ತೆ ಇಕ್ಕಟ್ಟಾಯಿತು ಎಂದು ಮನೆ ಇದ್ದವರು ಹೇಳುತ್ತಾರೆ. ಮನೆ ಇಲ್ಲದವರನ್ನು ಯಾರು ಕೇಳಿದರು? ಗಂಡ ಸತ್ತ ಹುಡುಗಿಯೊಬ್ಬಳು ಊರೆಲ್ಲ ಕೋಣೆ ಹುಡುಕುತ್ತಾಳೆ. ಎಲ್ಲರೂ ಚಹಾ ಕೊಡುತ್ತಾರೆ, ಕೀಲಿಕೈ ಯಾರೂ ಕೊಡುವುದಿಲ್ಲ. ಅವಳಿಗೆ ತನ್ನದೇ ಆದ ಒಂದು ಬಾಗಿಲು ಸಿಗುವುದಾದರೆ, ನಮ್ಮ ಅಂಗಳಕ್ಕೆ ಗಾಳಿ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಬೇಡ ಎನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು?"

ಬಸ್ ಸ್ಟಾಪಿನ್ಯಾಗ ಅಷ್ಟು ಮಂದಿ ಮುಂದ ನನಗ ಅಳು ಬಂತು. "ಮುಂಜಾನಿಯವರ ಖರೇ ಮಾವನವರು" ಅಂತ ಅಂಕಲ್‌ಗೆ ಹೇಳಿದೆ. ಮಂದಿ ಮುಂದ ಹೇಳಲಿಕ್ಕೆ ಆಗವಲ್ಲದು, ಒಬ್ಬರ ಇದ್ದಾಗ ನನ್ನ ಸಲವಾಗಿ ಮಾತಾಡ್ತಾರ ಅಂತ ತಿಳಕೊಂಡೆ. ಮುಂದಿನ ವಾರನ ಹೋಗಿ ಮನಿ ಹಿಡಿದೆ.

ಇನ್ನ ನಿಮ್ಮ ಕೋಣಿ. ಯಾಕ ಬರವಲ್ಲೆ ಅಂತ ನೀವು ಎಂದೂ ಕೇಳಿಲ್ಲ, ನಾ ಎಂದೂ ಹೇಳಿಲ್ಲ. ಅವರು ತೀರಿಕೊಂಡ ಹದಿಮೂರನೇ ದಿನ ಎಲ್ಲಾರೂ ಊಟಕ್ಕ ಕೂತಾಗ ನೀವು ನಿಂತು ನನಗ ಕೇಳಿದ್ರಿ, "ಬ್ಯಾಂಕಿನಿಂದ ಬಂದು ಚಹಾ ಕುಡಿದವನನ್ನು ಮತ್ತೆ ಹೊರಗೆ ಕಳಿಸಿದವರು ಯಾರು?" ಮೊನ್ನೆ ಅಂಕಲ್‌ಗೆ ಕೇಳಿದಂಗನ. ಅಂದೂ ಎಲ್ಲಾರ ಕೈ ಎಲಿಮ್ಯಾಲೆ ನಿಂತಿದ್ವು.

ನಾ ಕಳಿಸಲಿಲ್ಲ. ಅವರು ಹೊರಬಿದ್ದಾಗ ನಾ ಬಚ್ಚಲದಾಗ ಇದ್ದೆ, ಸ್ಕೂಟರ್ ಸುರು ಆಗಿದ್ದಷ್ಟ ಕೇಳಿಸ್ತು. ಯಾಕ ಹ್ವಾದ್ರೋ ನನಗೂ ಗೊತ್ತಿಲ್ಲ. ನೀವು ಒಂದ ಸಲ ಕೇಳಿದ್ರಿ. ನಾ ದಿನಾ ಕೇಳ್ಕೋತೀನಿ.

ವಿಚಾರಣೆಗೆ ಬಂದು ನಾ ಸಾಕ್ಷಿ ಹೇಳೂದಿಲ್ಲ. ನೀವು ಒಂದು ಹೇಳ್ರಿ ಸಾಕು, ಮಾಳಿಗಿ ಮ್ಯಾಲಿಂದು ಖರೇನೋ, ಮಂಡಳದಾಗಿಂದು ಖರೇನೋ?

ಪ್ರಭಾ

---

ಲಕ್ಷ್ಮೀ ನಗರ
೧೦ ಫೆಬ್ರವರಿ ೧೯೯೯

ಚಿ. ಪ್ರಭಾಳಿಗೆ,

ನೇರ ಪ್ರಶ್ನೆಗೆ ನೇರ ಉತ್ತರ.

ನಮ್ಮ ವಾದಕೂಟದ ಗುರುಗಳು ಹಾಕಿಕೊಟ್ಟ ಒಂದು ಕ್ರಮವಿತ್ತು. ಸ್ಪರ್ಧೆಗೆ ಮೊದಲು ಎದುರುಪಕ್ಷದ ಭಾಷಣವನ್ನು ನಾವೇ ಸಿದ್ಧಪಡಿಸಿ, ಗಟ್ಟಿಯಾಗಿ, ನಂಬಿಕೆ ಬರುವ ಹಾಗೆ ಆಡಬೇಕು. ಎದುರಿನವನಿಗಿಂತ ಚೆನ್ನಾಗಿ ಅವನ ಮಾತನ್ನು ಆಡಲಾರದವನನ್ನು ಅವರು ವೇದಿಕೆ ಹತ್ತಲು ಬಿಡುತ್ತಿರಲಿಲ್ಲ. ನನ್ನ ಪಕ್ಷವನ್ನು ನಾನು ಕೊನೆಯ ವಾರದಲ್ಲಿ ಮಾತ್ರ ಅಭ್ಯಾಸ ಮಾಡುವವನು. ಇಷ್ಟು ದಿನ ಮಾಳಿಗೆಯ ಮೇಲೆ ನಡೆದದ್ದು ಬಿಲ್ಡರನ ಭಾಷಣ. ನಿನ್ನ ಪತ್ರದ ಚಹಾದ ಪ್ರಸಂಗ ಅದಕ್ಕೆ ಒಳ್ಳೆಯ ದೃಷ್ಟಾಂತವಾಗಿ ಒದಗಿತು, ಬಳಸಿಕೊಂಡೆ.

ಅದು ಅಭ್ಯಾಸ. ಅದರಿಂದ ನೀನು ಏನನ್ನಾದರೂ ತಿಳಿದುಕೊಂಡಿದ್ದರೆ ಅದು ಕೇಳಿದವನ ತಪ್ಪು ಮತ್ತು ನಂಬಿದವಳ ತಪ್ಪು.

ವಿಜಯೇಂದ್ರ ಗಲಗಲಿ

---

ಕೋರಾಡಿ
೧೬ ಫೆಬ್ರವರಿ ೧೯೯೯

ಮಾವನವರಿಗೆ,

ತಿಳೀತು. ಮನಿ ಬ್ಯಾಡಂತ ಆ ಆಫೀಸಿಗೆ ಹೇಳಿ ಬರ್ತೀನಿ. ಏಪ್ರಿಲ್‌ಲಿಂದ ಹೆಣ್ಮಕ್ಕಳ ಹಾಸ್ಟೆಲ್ ನೋಡ್ತೀನಿ.

ಒಂದ ಮಾತು ಉಳೀತು. ಉತ್ತಪ್ಪ ಅಂಕಲ್ ಅವತ್ತ ಹೇಳಿದ್ದು ನಾ ಪೂರಾ ಬರದಿದ್ದಿಲ್ಲ. ದಿನಾ "ಗಂಡ ಸತ್ತ ಹುಡುಗಿ" ಅನ್ನೋ ಕಡೆ ಬಂದಕೂಡಲೆ ನಿಮ್ಮ ದನಿ ನಿಂತುಬಿಡ್ತಿತ್ತಂತ. ಅವರು ಪೈಪ್ ಹಿಡಕೊಂಡು ಕಾಯ್ತಿದ್ರಂತ. ಆಮ್ಯಾಲೆ ನೀವು ಕೆಮ್ಮಿ ಮುಂದ ಸುರು ಮಾಡ್ತಿದ್ರಿ ಅಂತ.

ಬಿಲ್ಡರನ ಭಾಷಣದಾಗ ನಿಮ್ಮ ದನಿ ಯಾಕ ನಿಂತಿತು ಮಾವನವರ?

ಪ್ರಭಾ

---

ಲಕ್ಷ್ಮೀ ನಗರ
೨೮ ಫೆಬ್ರವರಿ ೧೯೯೯

ಚಿ. ಪ್ರಭಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಕೊನೆಯ ಪ್ರಶ್ನೆಗೆ ಮೂರು ಸಲ ಉತ್ತರ ಬರೆದು ಹರಿದೆ. ನಾಲ್ಕನೆಯ ಸಲ ಬರೆಯುವುದಿಲ್ಲ. ಗುರುವಾರ ನಡೆದದ್ದನ್ನು ಬರೆಯುತ್ತೇನೆ, ಓದಿ ನೀನೇ ನಿರ್ಧರಿಸು.

ವಿಚಾರಣೆಯ ಕೋಣೆಯಲ್ಲಿ ನಮ್ಮ ರಸ್ತೆಯವರೆಲ್ಲ ಇದ್ದರು, ಉತ್ತಪ್ಪನನ್ನು ಬಿಟ್ಟು. ನಾನು ಮೊದಲು ಮಾತಾಡಿದೆ. ರಸ್ತೆಯ ಅಗಲ, ಲಾರಿಗಳ ವೇಗ, ಆ ತಿರುವು. ಸಂಕೇತನ ಹೆಸರನ್ನು ನಾನೇ ಹೇಳಿದೆ. ದನಿ ನಿಲ್ಲಲಿಲ್ಲ. ಅಧಿಕಾರಿ ಹುಡುಗನಂತಿದ್ದ, ಪೆನ್ನು ಕೆಳಗಿಟ್ಟು ಕೇಳಿದ.

ಅನಂತರ ಬಿಲ್ಡರನ ವಕೀಲ ಎದ್ದ. ಪ್ರಭಾ, ಅದೊಂದು ಕಳಪೆ ಭಾಷಣ. ನಗರದ ಪ್ರಗತಿ ಎಂದ, ನಿಯಮಾವಳಿಯ ಕಲಮು ಎಂದ, ಅಧ್ಯಕ್ಷರ ದುಃಖದ ಬಗ್ಗೆ ತನಗೆ ಗೌರವವಿದೆ ಎಂದ. ಆ ಮನೆಗಳಲ್ಲಿ ಯಾರು ಇರುತ್ತಾರೆ ಎಂಬುದು ಅವನ ಬಾಯಲ್ಲಿ ಬರಲೇ ಇಲ್ಲ. ಮನೆಗೆ ಅಲೆಯುವವರು ಬರಲಿಲ್ಲ, ಚಹಾ ಬರಲಿಲ್ಲ, ಕೀಲಿಕೈ ಬರಲಿಲ್ಲ. ಮೂರು ತಿಂಗಳು ಪ್ರತಿ ಬೆಳಗ್ಗೆ ನಾನು ಕಟ್ಟಿ ನಿಲ್ಲಿಸಿದ ಎದುರುಪಕ್ಷದ ಬೆನ್ನೆಲುಬನ್ನು ಅವನು ಮುಟ್ಟದೆ ಕುಳಿತುಬಿಟ್ಟ. ಅಧಿಕಾರಿ ನನ್ನ ಕಡೆ ತಿರುಗಿ, ಉತ್ತರ ಕೊಡುವುದಿದೆಯೇ ಎಂದ. ದತ್ತೋಪಂತ ನನ್ನ ತೋಳು ಹಿಡಿದು, "ಬೇಡ ಸಾಹೇಬ, ಗೆದ್ದಾಯ್ತು, ಕೂತುಕೊಳ್ಳಿ" ಎಂದು ಪಿಸುಗುಟ್ಟಿದ. ಅದು ನಿಜ. ಸುಮ್ಮನೆ ಕುಳಿತಿದ್ದರೆ ಗೆಲ್ಲುತ್ತಿದ್ದೆ.

ಎದ್ದು ನಿಂತೆ. ವಕೀಲರು ಬಿಟ್ಟದ್ದೊಂದಿದೆ, ಅದಿಲ್ಲದೆ ಈ ವಿಚಾರಣೆ ಪೂರ್ತಿಯಾಗದು ಎಂದೆ. ಮಾಳಿಗೆಯ ಮಾತನ್ನು ಅಷ್ಟೂ ಹೇಳಿದೆ. "ಗಂಡ ಸತ್ತ ಹುಡುಗಿಯೊಬ್ಬಳು" ಎನ್ನಲಿಲ್ಲ. "ನನ್ನ ಸೊಸೆ" ಎಂದೆ. ಅವಳು ಆ ಕಟ್ಟಡದಲ್ಲಿ ಮನೆ ಹಿಡಿದಿದ್ದಾಳೆ, ಇದು ದಾಖಲಾಗಲಿ ಎಂದೆ. ಕಟ್ಟಡವೇ ಬೇಡ ಎಂಬ ನನ್ನ ಮೊದಲ ಬೇಡಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಹೆಬ್ಬಾಗಿಲು ಆ ತಿರುವಿಗೆ ಬೇಡ, ಹಿಂದಿನ ಓಣಿಗೆ ಇರಲಿ ಎಂಬ ಎರಡನೆಯದನ್ನು ಬಿಡುವುದಿಲ್ಲ ಎಂದೆ. ಅಧ್ಯಕ್ಷಸ್ಥಾನಕ್ಕೆ ಅಲ್ಲಿಯೇ ರಾಜೀನಾಮೆ ಕೊಟ್ಟೆ.

ಮೆಟ್ಟಿಲಲ್ಲಿ ದತ್ತೋಪಂತ ಕಾದಿದ್ದ. "ಅಂದರೆ ಇಷ್ಟು ದಿನ ನೀವೇ? ಪಾಪ ಆ ಉತ್ತಪ್ಪನ್ನ ಹೊರಗೆ ಹಾಕಿಸಿದಿರಲ್ಲ ಸಾಹೇಬ!" ಎಂದ. ಉತ್ತರ ಇತ್ತು, ಕೊಡಲಿಲ್ಲ. ಉತ್ತಪ್ಪ ಅಂದು ಹೇಗೆ ನಿಂತಿದ್ದನೋ ಹಾಗೆ ನಿಂತೆ. ವತ್ಸಲಾತಾಯಿ ನನ್ನನ್ನು ದಾಟುವಾಗ ಸೆರಗು ಸರಿಪಡಿಸಿಕೊಂಡು ಮುಂದೆ ನಡೆದಳು. ಅವರು ಅನುಮಾನ ಪಡುವುದು ತಪ್ಪೆಂದು ನಾನು ಹೇಳಲಾರೆ.

ಕೆಳಗೆ ಉತ್ತಪ್ಪ ಸ್ಕೂಟರ್ ನಿಲ್ಲಿಸಿಕೊಂಡು ಇದ್ದ. ಒಳಗೆ ನಡೆದದ್ದೆಲ್ಲ ಅವನಿಗೆ ಆಗಲೇ ತಲುಪಿತ್ತು.

"ಹತ್ತಿ ರಾಯರೇ."

"ನಿಮಗೆ ಇಷ್ಟು ಕನ್ನಡ ಬರುತ್ತದೆಂದು ನನಗೆ ಎಂದೂ ಹೇಳಲಿಲ್ಲ."

"ನೀವೆಲ್ಲಿ ಕೇಳಿದ್ರಿ? ಮೊದಲ ದಿನ ನೀವೇ ಹಿಂದಿಯಲ್ಲಿ ಶುರು ಮಾಡಿದ್ರಿ. ಸರಿ, ರಾಯರ ಇಷ್ಟ ಅಂತ ನಾನೂ ಬಿಟ್ಟೆ. ಅದಿರಲಿ, ಭಾಷಣ ನಿಲ್ಲಿಸಿಬಿಟ್ರಲ್ಲ ಸಾರ್? ನಿಮ್ಮ ಭಾಷಣ ಮುಗಿಯೋವರೆಗೆ ನೀರು ಹಾಕೋದು ನನ್ನ ಲೆಕ್ಕ. ಈಗ ಗಿಡಗಳೆಲ್ಲ ಬಾಡ್ತಾ ಇವೆ."

ನಾನು ಕ್ಷಮೆ ಕೇಳಲು ವಾಕ್ಯ ಸಿದ್ಧಪಡಿಸಿಕೊಂಡಿದ್ದೆ. ಅವನು ಕಿಕ್ ಹೊಡೆದುಬಿಟ್ಟ. ಎರಡು ವರ್ಷದಿಂದ ನಾನು ಸ್ಕೂಟರ್ ಹತ್ತಿರಲಿಲ್ಲ. ತಿರುವಿನಲ್ಲಿ ಅವನು ವೇಗ ತಗ್ಗಿಸಿದ. ನಾನು ಅವನ ಭುಜ ಹಿಡಿದುಕೊಂಡೆ. ಮನೆಯ ಮುಂದೆ ಇಳಿದ ಮೇಲೆ ಆ ವಾಕ್ಯವನ್ನು ಹೇಳಿದೆ. ಸಿದ್ಧಪಡಿಸಿದಷ್ಟು ಚೆನ್ನಾಗಿ ಬರಲಿಲ್ಲ.

ತೀರ್ಪು ಬಂದಿಲ್ಲ. ಕಟ್ಟಡ ಏಳುವುದೋ, ಎಷ್ಟು ಎತ್ತರ ಏಳುವುದೋ ಯಾರಿಗೂ ತಿಳಿಯದು. ಹಿಡಿದ ಮನೆಯನ್ನು ಬಿಡಬೇಡ. ಬಿಟ್ಟು ಬಂದಿದ್ದರೆ ಮತ್ತೆ ಹಿಡಿ. ಮನೆಯ ಹಿರಿಯರು ಬೇಕೆಂದರೆ ಈ ಸಲ ನನ್ನನ್ನು ಕರೆ. ಅದು ಸಿದ್ಧವಾಗುವವರೆಗೆ ಏಪ್ರಿಲ್‌ನಿಂದ ಇಲ್ಲಿಯ ಕೋಣೆಯಲ್ಲಿರು. ಹದಿಮೂರನೆಯ ದಿನ ಕೇಳಿದ ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಅದರ ಉತ್ತರ ಬಲ್ಲವನು ನಮ್ಮಿಬ್ಬರಲ್ಲಿ ಯಾರಿಗೂ ಹೇಳದೆ ಹೋದ.

ಆದರೆ ನೀನು ಕೇಳಿದ್ದಕ್ಕೆ ಉತ್ತರ ನನ್ನಿಂದ ಬಾಕಿ ಇದೆ. ನಿನ್ನೆ ಮತ್ತು ಇಂದು ಬೆಳಗ್ಗೆ ಮಾಳಿಗೆಯ ಮೇಲೆ ನಿಂತು ನೋಡಿದೆ. ಬಿಸಿಲು ಮೊದಲು ಬೀಳುವುದು ಹಿಂದಿನ ಓಣಿಯ ಕಡೆಗೇ. ಅಲ್ಲಿಯ ಹಳೆಯ ಬೇವಿನ ಮರದ ತುದಿ ಮೂರನೆಯ ಮಹಡಿಗೆ ಬರಬಹುದು. ಚಳಿಗಾಲದಲ್ಲಿ ಅದು ಬಿಸಿಲಿಗೆ ಅಡ್ಡ ಬರುವುದಿಲ್ಲ, ಬೇಸಿಗೆಯಲ್ಲಿ ನೆರಳಾಗುತ್ತದೆ.

ಓಣಿಯಲ್ಲಿ ಬೀದಿದೀಪವಿಲ್ಲ. ಕಂಬವಿದೆ, ದೀಪ ಹಾಕಿಲ್ಲ. ಶುಕ್ರವಾರ ಅರ್ಜಿ ಕೊಟ್ಟು ಬಂದೆ. ಹಾಕುವವರೆಗೆ ಕೇಳುತ್ತಿರುತ್ತೇನೆ.

ಮಫ್ಲರ್ ಸುತ್ತಿಕೊಳ್ಳುತ್ತಿದ್ದೇನೆ.

ನಿನ್ನ ಮಾವ,
ವಿಜಯೇಂದ್ರ